ಹಾಬ್‌ಡೇ ಅಜ್ಜಾರು ಕಾಫಿ ತಂದ ವರ್ಷ

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳು ಇರಾಳ ಶಾಲೆಯಲ್ಲಿ ಕ್ರಿಸ್ಮಸ್ ನಾಟಕವಿತ್ತು. ಮೇರಿಯ ಪಾತ್ರ ತನಗೇ ಬರುತ್ತದೆಂದು ಆರು ವರ್ಷದ ಈ ಹುಡುಗಿ ತಿಂಗಳುಗಟ್ಟಲೆ ಅವಳಮ್ಮನ ನೀಲಿ ದುಪಟ್ಟಾ ಹೊದ್ದುಕೊಂಡು ಮನೆಯೆಲ್ಲ ಗಂಭೀರವಾಗಿ ಓಡಾಡಿದ್ದಳು. ಸಿಕ್ಕಿದ್ದು, ತಂಗಲು ಜಾಗ ಕೇಳಿ ಬಂದ ಬಸುರಿ ಮೇರಿಯನ್ನು ಹಿಂದಕ್ಕೆ ಕಳಿಸುವ ಛತ್ರದವನ ಪಾತ್ರ. ಬಾಗಿಲು ತೆರೆಯಬೇಕು, "ಇಲ್ಲಿ ಜಾಗ ಇಲ್ಲ" ಅನ್ನಬೇಕು, ಬಾಗಿಲು ಹಾಕಬೇಕು, ಅಷ್ಟೇ. ಮುಖ ಊದಿಸಿಕೊಂಡು ಸೋಫಾದ ಮೂಲೆ ಸೇರಿದವಳನ್ನು ಸಮಾಧಾನ ಮಾಡಲು, ನಿಜವಾದ ನಟರು ಅಂಟಿಸಿಕೊಳ್ಳುವಂಥ ಮೀಸೆಯನ್ನೇ ಅಂಟಿಸಿಕೊಡುತ್ತೇನೆ ಎಂದೆ. ಅಟ್ಟದಿಂದ ಬಣ್ಣದ ಸಾಮಾನಿನ ತಗಡಿನ ಡಬ್ಬಿ ಇಳಿಸಿ, ಹೊಸದಾಗಿ ತಂದ ಗೋಂದಿನ ಶೀಶೆಯ ಬಿರಡೆ ತೆಗೆದೆ. ರಾಳ ಮತ್ತು ಸ್ಪಿರಿಟ್ ಕೂಡಿದ ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹದಿನೆಂಟು ವರ್ಷ ಹಿಂದಿನ, ಲಂಡನ್ನಿನ ಹ್ಯಾರೋದ ಒಂದು ಶರತ್ಕಾಲ ಪೂರ್ತಿಯಾಗಿ ಬಂದು ಎದುರಿಗೆ ಕೂತಿತು.

೧೯೯೧. ಆಗ ನನಗೆ ನಲವತ್ಮೂರು. ವಾಯವ್ಯ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯನಾಗಿದ್ದೆ. ಧಾರವಾಡದಿಂದ ಬಂದು ಹನ್ನೆರಡು ವರ್ಷವಾಗಿತ್ತು. ಆ ಆಗಸ್ಟಿನಲ್ಲಿ ನಮ್ಮಲ್ಲೇ ಖಾಲಿಯಾದ ಹಿರಿಯ ತಜ್ಞನ, ಅಂದರೆ ಕನ್ಸಲ್ಟಂಟ್ ಹುದ್ದೆ ನನಗೇ ಎಂದು ಎಲ್ಲರೂ ಅಂದಿದ್ದರು, ನಾನು ಸ್ವಲ್ಪ ಹೆಚ್ಚೇ ನಂಬಿದ್ದೆ. ಅದು ನನಗಿಂತ ಎಂಟು ವರ್ಷ ಚಿಕ್ಕವನಿಗೆ ಹೋಯಿತು. ಸಂದರ್ಶನ ಮಾಡಿದವರು ಬೆನ್ನು ತಟ್ಟಿ, "ನೀವು ಈ ವಿಭಾಗದ ಆಧಾರ" ಎಂದರು. ಆಧಾರವೆಂದರೆ ಗೋಡೆ. ಗೋಡೆಗೆ ಯಾರು ಕುರ್ಚಿ ಕೊಡುತ್ತಾರೆ? ಆ ಸಿಟ್ಟನ್ನು ನಾನು ನುಂಗಲೂ ಇಲ್ಲ, ಉಗುಳಲೂ ಇಲ್ಲ, ಬಾಯಲ್ಲಿಟ್ಟುಕೊಂಡೇ ಓಡಾಡಿದೆ.

ಅದೇ ಹೊತ್ತಿಗೆ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಮೂರ್ತಿಯವರು ರಾಜ್ಯೋತ್ಸವಕ್ಕೆ ತಾವೇ ಬರೆದ ನಾಟಕ ಆಡಿಸಲು ಹೊರಟರು. ಮೈಸೂರಿನವರು, ಕೌನ್ಸಿಲ್ ಕಚೇರಿಯಲ್ಲಿ ಕೆಲಸ. ನಾಟಕದ ಕಥೆ ಇಷ್ಟು: ನಿವೃತ್ತ ಜಡ್ಜ್ ಒಬ್ಬ ಮನೆಯನ್ನೇ ಕೋರ್ಟು ಮಾಡಿಕೊಂಡಿದ್ದಾನೆ. ಅವನು ಒಳಗೆ ಬಂದರೆ ಹೆಂಡತಿ ಮಕ್ಕಳೆಲ್ಲ ಎದ್ದು ನಿಲ್ಲಬೇಕು. ಕೊನೆಯ ದೃಶ್ಯದಲ್ಲಿ ಮಗಳ ಮದುವೆಯ ವಿಷಯದಲ್ಲಿ ತನ್ನ ಹಟವೇ ತಪ್ಪೆಂದು ಒಪ್ಪಿಕೊಂಡು ಒಂದೂವರೆ ಪುಟದ ತೀರ್ಪು ಹೇಳುತ್ತಾನೆ, ಆಳು ಕೆಂಚಪ್ಪ ಕಾಫಿ ತರುತ್ತಾನೆ, ಪರದೆ. ಜಡ್ಜಿನ ಪಾತ್ರಕ್ಕೆ ಪೈಪೋಟಿಯಿತ್ತು. ಆಸ್ಪತ್ರೆಯಲ್ಲಿ ಸಿಗದ ಕುರ್ಚಿ ರಂಗದ ಮೇಲಾದರೂ ಸಿಗಲಿ ಎಂದು ನಾನು ಮೂರ್ತಿಯವರ ಬೆನ್ನು ಬಿದ್ದು ಗಿಟ್ಟಿಸಿಕೊಂಡೆ. ಕಾಲೇಜಿನಲ್ಲಿ ಒಮ್ಮೆ ಮಾತು ಮರೆತು ನಿಂತು, ಅರ್ಧಕ್ಕೇ ಪರದೆ ಎಳೆಸಿಕೊಂಡವನು ನಾನೆಂಬ ಸಂಗತಿ ಹ್ಯಾರೋದಲ್ಲಿ ಹೆಂಡತಿ ಸುಮಂಗಲಾ ಒಬ್ಬಳಿಗೇ ಗೊತ್ತಿತ್ತು.

"ಏನ್ರೀ, ಮತ್ತೊಮ್ಮೆ ಮರ್ಯಾದಿ ಕಳಕೊಳ್ಳೋ ಹೌಸಿ ಏನು ನಿಮಗ? ಸಣ್ಣ ಪಾತ್ರ ತೊಗೊಂಡು ಸುಮ್ಮನಿರಬಾರದಾ?" ಎಂದಳು.

"ಸಣ್ಣ ಪಾತ್ರ ಮಾಡಿ ಮಾಡೇ ಹಿಂಗಾಗೇದ" ಎಂದೆ.

ಸಂಜೆ ಊಟಕ್ಕೆ ಮುಂಚೆ ಮುಂದಿನ ಕೋಣೆಯಲ್ಲಿ ನಿಂತು ತೀರ್ಪು ಉರು ಹೊಡೆಯುತ್ತಿದ್ದೆ. ನಮ್ಮದು ಒಂದೇ ಗೋಡೆಗೆ ಎರಡು ಮನೆ ಅಂಟಿಕೊಂಡಿರುವ ಹ್ಯಾರೋದ ಮಾಮೂಲಿ ಮನೆ. ಗೋಡೆಯಾಚೆ ಸೆಡ್ರಿಕ್ ಹಾಬ್‌ಡೇ ಎಂಬ ಎಪ್ಪತ್ತೆಂಟರ ವಿಧುರರಿದ್ದರು. ಬೇಲಿಯಾಚೆಯಿಂದ ಹವೆಯ ವಿಚಾರ ಮಾತಾಡಿದ್ದು ಬಿಟ್ಟರೆ ಆರು ವರ್ಷದಲ್ಲಿ ನಮಗೂ ಅವರಿಗೂ ಹೆಚ್ಚಿನ ಬಳಕೆಯಿರಲಿಲ್ಲ. ಸೆಪ್ಟೆಂಬರಿನ ಒಂದು ಸಂಜೆ ಬಾಗಿಲು ಬಡಿದರು. ಇಸ್ತ್ರಿ ಮಾಡಿದ ಷರ್ಟು, ಟೈ, ಕಾಲಲ್ಲಿ ಮನೆಯ ಚಪ್ಪಲಿ. ಗದ್ದಲವಾಯಿತೆಂದು ದೂರಲು ಬಂದಿದ್ದಾರೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಇಲ್ಲ, ಇಲ್ಲ" ಎಂದರು. "ನಿಮ್ಮ ಭಾಷೆ ನನಗೆ ಗೊತ್ತಿಲ್ಲ, ಡಾಕ್ಟರ್. ಆದರೆ ಎಂಟು ದಿನದಿಂದ ಒಂದೇ ಜಾಗದಲ್ಲಿ ನಿಲ್ಲುತ್ತೀರಿ. ಆಮೇಲೆ ಕೆಮ್ಮುತ್ತೀರಿ. ಕೆಮ್ಮಿದ ಮೇಲೆ ಏನಾಗುತ್ತದೋ ತಿಳಿಯದೆ ನನಗೆ ಊಟ ಸೇರುತ್ತಿಲ್ಲ."

ಸುಮಂಗಲಾ ನಕ್ಕು ಅವರನ್ನು ಒಳಗೆ ಕರೆದು ಚಹಾ ಕೊಟ್ಟಳು. ಅವತ್ತು ಕೂತವರು ಆ ಶರತ್ಕಾಲವೆಲ್ಲ ಬರುತ್ತಲೇ ಇದ್ದರು. ವಾರ ತುಂಬುವುದರೊಳಗೆ ಅವಳ ಬಾಯಲ್ಲಿ ಹಾಬ್‌ಡೇ ಅಜ್ಜಾರಾದರು.

ಅಜ್ಜಾರು ನಟರು. ಇಷ್ಟು ವರ್ಷ ಅದನ್ನು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಬಸ್ ಕಂಡಕ್ಟರನ ಮಗ. ಹದಿನೇಳಕ್ಕೆ ಊರೂರು ತಿರುಗುವ ನಾಟಕ ತಂಡ ಸೇರಿ, ವಾರಕ್ಕೊಂದು ಹೊಸ ನಾಟಕ ಆಡಿದರು. ನಮ್ಮ ಕಡೆಯ ಕಂಪನಿ ನಾಟಕದವರ ಕಥೆಯಂತೆಯೇ ಇತ್ತು ಅದು, ಹಾರ್ಮೋನಿಯಂ ಒಂದಿಲ್ಲ ಅಷ್ಟೆ. ಯುದ್ಧ ಮುಗಿದ ಮೇಲೆ ಸಿನಿಮಾ. ಐವತ್ತರ ದಶಕದಲ್ಲಿ ಇಲ್ಲಿ ತಯಾರಾದ ಕಪ್ಪುಬಿಳುಪು ಚಿತ್ರಗಳಲ್ಲಿ ಪೇದೆ, ಬ್ಯಾಂಕ್ ಗುಮಾಸ್ತ, ಹೋಟೆಲಿನ ಕಾವಲುಗಾರ, ಎಲ್ಲಕ್ಕಿಂತ ಹೆಚ್ಚಾಗಿ ಶ್ರೀಮಂತರ ಮನೆಯ ಬಟ್ಲರ್. ಬಾಗಿಲು ತೆರೆದು "ಅವರು ಒಳಗಿದ್ದಾರೆ ಸರ್" ಅನ್ನುವ ಮನುಷ್ಯ. ಅರವತ್ತರ ಕೊನೆಗೆ ಬಟ್ಲರುಗಳಿರುವ ಮನೆಗಳ ಕಥೆಯೇ ಯಾರಿಗೂ ಬೇಡವಾಯಿತು. ಆಮೇಲೆ ಒಂದು ನಾಟಕಶಾಲೆಯಲ್ಲಿ ಟಿಕೆಟ್ ಹರಿದುಕೊಟ್ಟರು, ಡಿಸೆಂಬರಿನಲ್ಲಿ ಅಂಗಡಿಗಳಲ್ಲಿ ಕ್ರಿಸ್ಮಸ್ ತಾತನಾದರು. ಇದನ್ನೆಲ್ಲ ಅವರು ಹೇಳುವಾಗ ದನಿಯಲ್ಲಿ ಕೊರಗಿರಲಿಲ್ಲ.

"ನೀವು ಕಾಣಿಸಿಕೊಂಡದ್ದನ್ನೆಲ್ಲ ಕೂಡಿಸಿದರೆ ಎಷ್ಟು ಹೊತ್ತಾಗಬಹುದು?" ಎಂದು ಒಮ್ಮೆ ಕೇಳಿದೆ. ನನ್ನ ಮನಸ್ಸಿನಲ್ಲಿ ಸ್ವಲ್ಪ ವಿಷವಿತ್ತು, ಒಪ್ಪಿಕೊಳ್ಳುತ್ತೇನೆ.

"ನಿಮ್ಮಾಕೆ ಒಂದು ಸಲ ಅನ್ನ ಮಾಡಿ ಇಳಿಸುವಷ್ಟು" ಎಂದರು. "ನಾನು ಪರದೆಯ ಮೇಲೆ ಬಂದಾಗ ಜನ ಎದ್ದು ನಿಲ್ಲುತ್ತಿದ್ದರು ಗೊತ್ತೇ? ಐಸ್‌ಕ್ರೀಮ್ ತರಲು ಹೋಗಲಿಕ್ಕೆ ಅದೇ ಸರಿಯಾದ ಸಮಯ." ಮತ್ತೆ ನನ್ನ ಕೆಲಸ ವಿಚಾರಿಸಿದರು. ಅರಿವಳಿಕೆ ಎಂದ ಕೂಡಲೇ ಮುಖ ಅರಳಿತು. "ಅಂದರೆ ನೀವೂ ನಮ್ಮ ಪಂಗಡದವರೇ! ಎಚ್ಚರವಾದ ಮೇಲೆ ರೋಗಿ ಕುಲುಕುವುದು ಸರ್ಜನ್ನನ ಕೈ, ನಿಮ್ಮದಲ್ಲ."

ನನಗೆ ಮೈಯೆಲ್ಲ ಉರಿಯಿತು. ಕಪ್ಪು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಅವರಿಗೆ ತಿಳಿಯಿತೋ ಇಲ್ಲವೋ, ಮರುದಿನವೂ ಅದೇ ಹೊತ್ತಿಗೆ ಬಂದರು. ಅವತ್ತು ಕೂತು ನನ್ನ ತೀರ್ಪು ಪೂರ್ತಿ ಕೇಳಿದರು. ಒಂದಕ್ಷರ ಅರ್ಥವಾಗದ ಭಾಷೆಯನ್ನು ಅಷ್ಟು ಗಮನವಿಟ್ಟು ಕೇಳಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಇವತ್ತಿನ ಇರಾಳ ಅಮ್ಮ, ನಮ್ಮ ಮಗಳು ವಿದ್ಯಾಗೆ ಆಗ ಹದಿನಾಲ್ಕು. ಸುಮಂಗಲಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಭಾನುವಾರದ ಕನ್ನಡ ತರಗತಿಗೆ ಹೋಗಿ ಅಕ್ಷರ ಕಲಿತು, ಎರಡು ವರ್ಷದ ಕೆಳಗೆ ಅದನ್ನೂ ಬಿಟ್ಟಿದ್ದಳು. ನಾಟಕದ ಗೀಳು ಹತ್ತಿದ ಅಪ್ಪನನ್ನು ಕಂಡರೆ ಅವಳಿಗೆ ನಾಚಿಕೆ. ನಾನು ಉರು ಹೊಡೆಯಲು ಶುರು ಮಾಡಿದರೆ "ಓ ಡ್ಯಾಡ್, ಪ್ಲೀಸ್" ಎಂದು ಹೊರಟುಬಿಡುತ್ತಿದ್ದಳು. ಎಲ್ಲಿಗೆಂದರೆ, ಚಹಾ ಮುಗಿಸಿ ಮರಳುವ ಅಜ್ಜಾರ ಜೊತೆ ಅವರ ಮನೆಗೆ, ಹಳೆಯ ಸಿನಿಮಾ ನೋಡಲಿಕ್ಕೆ. ನನ್ನ ದನಿಯಿಂದ ತಪ್ಪಿಸಿಕೊಂಡು ಹೋದಳಲ್ಲ ಎಂದು ನನಗೆ ಬೇಸರವೇ ಆಗುತ್ತಿತ್ತು.

ಅಕ್ಟೋಬರ್ ಬಂತು. ಮೆಟ್ರೊಪಾಲಿಟನ್ ಲೈನಿನ ರೈಲಿಳಿದು ಬರುವಾಗಲೇ ಕತ್ತಲು, ಕಾಲಡಿಗೆ ಒದ್ದೆ ಎಲೆ. ಮೂರ್ತಿಯವರಿಗೆ ಹೊಸ ತಲೆನೋವು ಶುರುವಾಗಿತ್ತು: ಕೆಂಚಪ್ಪನ ಪಾತ್ರಕ್ಕೆ ಜನವಿಲ್ಲ. ಇದ್ದ ಒಂದೇ ಮಾತು, "ಕಾಫಿ ಸ್ವಾಮಿ, ಬಿಸಿಯಾಗಿದೆ." ಬಳಗದಲ್ಲಿದ್ದವರೆಲ್ಲ ಜಿಪಿ ಡಾಕ್ಟರುಗಳು, ಹೃದಯ ತಜ್ಞರು, ಎಂಜಿನಿಯರುಗಳು. ಊರಿನಿಂದ ಬಂದ ಅತ್ತೆ ಮಾವನ ಎದುರು ಟ್ರೇ ಹಿಡಿಯಲು ಒಬ್ಬರೂ ತಯಾರಿಲ್ಲ.

"ನೋಡಿ ಡಾಕ್ಟ್ರೇ" ಎಂದು ನಮ್ಮ ಮನೆಯಲ್ಲಿ ಕೂತು ಗೋಳು ಹೇಳಿಕೊಂಡರು, "ಈ ಹ್ಯಾರೋದಲ್ಲಿ ಜಡ್ಜ್ ಆಗೋಕೆ ಏಳು ಜನ ಕ್ಯೂ ನಿಂತಿದ್ರು. ಕಾಫಿ ತರೋಕೆ ಒಬ್ರೂ ಇಲ್ವಲ್ರೀ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಜ್ಜಾರು ಏನು ಸಮಾಚಾರವೆಂದು ವಿದ್ಯಾಳನ್ನು ಕೇಳಿದರು. ಅವಳು ಹೇಳಿದಳು. ಅವರು ಕಪ್ಪು ಕೆಳಗಿಟ್ಟು, ಟೈ ಸರಿ ಮಾಡಿಕೊಂಡು, ಎದ್ದು ನಿಂತರು. "ಮಿಸ್ಟರ್ ಮೂರ್ತಿ, ಈ ಪಾತ್ರದಲ್ಲಿ ನನಗೆ ಸ್ವಲ್ಪ ಅನುಭವವಿದೆ."

ಮೂರ್ತಿ ಮೊದಲು ನಕ್ಕರು, ಆಮೇಲೆ ಹೌಹಾರಿದರು. "ಛೆ ಛೆ, ಎಂಬತ್ತರ ಹತ್ರ ಬಂದಿರೋ ಹಿರಿಯರು, ಮೇಲಾಗಿ ಅತಿಥಿಗಳು. ಅವರ ಕೈಲಿ ಕಾಫಿ ತರಿಸೋದಾ? ಪಾಪ ಸುತ್ಕೊಳತ್ತೆ" ಎಂದರು. ಬೇರೆ ದಾರಿ ಇರಲಿಲ್ಲವಾದ್ದರಿಂದ ಪಾಪವನ್ನು ಒಪ್ಪಿಕೊಂಡರು. ಅಜ್ಜಾರು ಆ ಒಂದು ಮಾತನ್ನು ಸುಮಂಗಲಾಳಿಂದ ಹದಿನೈದು ದಿನ ಕಲಿತರು. ಅಡಿಗೆಮನೆಯಲ್ಲಿ ಅವಳು ಈರುಳ್ಳಿ ಹೆಚ್ಚುತ್ತ "ಸ್ವಾಮಿ" ಅಂದರೆ ಅವರು "ಸ್ವಾಮಿ" ಅನ್ನುವುದು, ಅವಳು "ಇನ್ನೂ ಮೆತ್ತಗ ರೀ ಅಜ್ಜಾರ" ಎಂದು ಕನ್ನಡದಲ್ಲೇ ತಿದ್ದುವುದು, ಅವರು ತಿದ್ದಿಕೊಳ್ಳುವುದು.

ತೊಡಕಾದದ್ದು ಬೇರೆಯೇ ಕಡೆ. ತಾಲೀಮಿನಲ್ಲಿ ಅಜ್ಜಾರು ಟ್ರೇ ಹಿಡಿದು ಒಳಗೆ ಬಂದ ಕೂಡಲೇ ನಾನು ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. ಬೇಕೆಂದಲ್ಲ. ಬಿಳಿ ತಲೆಯ ಹಿರಿಯರು ನಿಂತಿರುವಾಗ ಕೂತು ಕಾಫಿ ಇಸಿದುಕೊಳ್ಳಲು ನನ್ನ ಮೊಣಕಾಲು ಒಪ್ಪುತ್ತಿರಲಿಲ್ಲ. ನನ್ನ ಹಿಂದೆಯೇ ಹೆಂಡತಿಯ ಪಾತ್ರದವರು, ಮಗಳ ಪಾತ್ರದವರು, ಅಳಿಯ, ಎಲ್ಲರೂ ದಡಬಡ ಏಳುತ್ತಿದ್ದರು. ಯಾರಿಗೂ ಏಳದ ಜಡ್ಜ್ ಮನೆಯ ಆಳಿಗೆ ಎದ್ದು ನಿಂತರೆ ನಾಟಕವೇ ತಲೆಕೆಳಗು. ಮೂರ್ತಿ ಹಣೆ ಚಚ್ಚಿಕೊಂಡರು. "ಡಾಕ್ಟ್ರೇ, ಕೂತ್ಕೊಳ್ರೀ! ಕುರ್ಚೀಗೆ ಕಟ್ಟಿಹಾಕ್ಲಾ ನಿಮ್ಮನ್ನ?"

ಅಜ್ಜಾರಿಗೆ ಮಾತ್ರ ಇದು ಬಗೆಹರಿಯದ ಒಗಟು. "ನಲವತ್ತು ವರ್ಷ ನನ್ನ ಕೆಲಸವೇ ಯಾರ ಕಣ್ಣಿಗೂ ಬೀಳದಿರುವುದು" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ನೀವು ಎದ್ದರೆ ಜನ ನನ್ನನ್ನು ನೋಡುತ್ತಾರೆ. ಆಗ ನಾನು ಕೆಲಸ ಕೆಡಿಸಿದ ಹಾಗೆ. ನನ್ನನ್ನು ನೋಡಬೇಡಿ."

"ಮಾತಿಲ್ಲದೆ ನಿಂತಾಗ ನೀವೇನು ನೋಡುತ್ತೀರಿ?" ಎಂದೆ.

"ಮಾತಾಡುವವನನ್ನು. ಅವನು ಗೆಲ್ಲಲಿ ಅಂದುಕೊಳ್ಳುತ್ತ ನೋಡುತ್ತೇನೆ. ಅಷ್ಟು ಬಿಟ್ಟು ನಾನೇನೂ ಮಾಡಿಲ್ಲ."

ನವೆಂಬರಿನ ಮೊದಲ ಶನಿವಾರ, ಮಧ್ಯಾಹ್ನ ನಾಲ್ಕಕ್ಕೆ ನಾಟಕ. ಬಾಡಿಗೆಗೆ ಹಿಡಿದ ಶಾಲೆಯ ಹಾಲ್, ಹೊರಗೆ ಜಿಟಿಜಿಟಿ ಮಳೆ, ಹಿಂದಿನ ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಭಾತು. ಬಣ್ಣದ ಕೆಲಸ ಅಜ್ಜಾರದೇ. ತಮ್ಮ ಹಳೆಯ ತಗಡಿನ ಡಬ್ಬಿ ತೆರೆದು, ನನ್ನ ಮೇಲ್ದುಟಿಗೆ ಗೋಂದು ಹಚ್ಚಿ, ಮೀಸೆ ಒತ್ತಿ ಹಿಡಿದರು. ಅಷ್ಟು ಹತ್ತಿರದಿಂದ ನನ್ನ ಕಣ್ಣು ನೋಡಿದವರಿಗೆ ನನ್ನ ಹೆದರಿಕೆ ಕಾಣದೆ ಇರಲಿಲ್ಲ. ಕಾಲೇಜಿನ ಆ ಪರದೆ, ಆಗಸ್ಟಿನ ಆ ಬೆನ್ನು ತಟ್ಟುವಿಕೆ, ಎರಡೂ ಒಟ್ಟಿಗೆ ನೆನಪಾಗುತ್ತಿದ್ದವು. ಇವತ್ತೂ ನಿಂತುಹೋದರೆ ನಾನು ಹಿಂದಿನ ಸಾಲಿಗೆ ಹುಟ್ಟಿದವನೆಂದು ನಾನೇ ನಂಬಿಬಿಡುತ್ತಿದ್ದೆ. ಅವರು ಮೀಸೆ ಒಣಗುವವರೆಗೆ ಬೆರಳು ತೆಗೆಯಲಿಲ್ಲ.

ಮೊದಲೆರಡು ದೃಶ್ಯ ಚೆನ್ನಾಗಿಯೇ ಹೋದವು. ಜನ ನಗಬೇಕಾದಲ್ಲಿ ನಕ್ಕರು. ಕೊನೆಯ ದೃಶ್ಯ ಬಂತು. ತೀರ್ಪಿನ ಮೊದಲ ಮಾತು ಹೇಳಿದೆ. ಎರಡನೆಯದನ್ನೂ ಹೇಳಿದೆ: "ನ್ಯಾಯ ಅನ್ನೋದು ಕೋರ್ಟಿನಲ್ಲಿ ಬಿಟ್ಟು ಬರೋ ಕರಿ ಕೋಟಲ್ಲ." ಆಮೇಲೆ ಏನೂ ಇಲ್ಲ. ಗೋಡೆಯೆದುರು ನೂರು ಸಲ ನಿಂತ ಅದೇ ಜಾಗ. ಕೆಮ್ಮಿದೆ. ಮೂರನೆಯ ಸಾಲಿನಲ್ಲಿದ್ದ ಸುಮಂಗಲಾ ಸೆರಗಿನ ತುದಿ ಬಾಯಿಗಿಟ್ಟುಕೊಂಡದ್ದು ಕಾಣಿಸಿತು. ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡಬೇಕಾದ ಮೂರ್ತಿ ಕೈಯಲ್ಲಿದ್ದ ಹಾಳೆಗಳನ್ನು ಗಡಿಬಿಡಿಯಲ್ಲಿ ತಿರುವಿಹಾಕುತ್ತಿದ್ದರು.

ಆಗ ಬಲಗಡೆಯಿಂದ, ಇನ್ನೂ ಒಂದು ಪುಟ ಮುಂಚಿತವಾಗಿ, ಹಾಬ್‌ಡೇ ಅಜ್ಜಾರು ಟ್ರೇ ಹಿಡಿದು ಒಳಗೆ ಬಂದರು.

ಅವಸರವಿಲ್ಲ. ಹೆಗಲ ಮೇಲೆ ಕೆಂಪಂಚಿನ ವಲ್ಲಿ, ಬರಿಗಾಲು. ಎಷ್ಟೋ ವರ್ಷದಿಂದ ಆ ಮನೆಯಲ್ಲೇ ಇದ್ದವರ ಹಾಗೆ ಬಂದು ನನ್ನ ಪಕ್ಕ ಬಗ್ಗಿ, ಟ್ರೇಯನ್ನು ನನ್ನ ಎದೆಮಟ್ಟಕ್ಕೆ ಹಿಡಿದರು. "ಕಾಫಿ ಸ್ವಾಮಿ" ಎಂದರು. ಲೋಟ ಎತ್ತಿ ಬಸಿಯನ್ನು ಒಂಚೂರು ಸರಿಸಿದರು. ಬಸಿಯ ಕೆಳಗೆ ಒಂದು ಕಾರ್ಡು. ದಪ್ಪ ಪೆನ್ನಿನಲ್ಲಿ, ಕನ್ನಡದಲ್ಲಿ, ಮಕ್ಕಳ ದುಂಡಗಿನ ಅಕ್ಷರ: ನನ್ನ ಮಗಳು ನನ್ನೆದುರು ನಿಂತು.

ಆ ಅಕ್ಷರವನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ಆದರೂ ವಿದ್ಯಾಳದೆಂದು ತಿಳಿಯಲು ಕ್ಷಣವೂ ಹಿಡಿಯಲಿಲ್ಲ. "ನನ್ನ ಮಗಳು ನನ್ನೆದುರು ನಿಂತು ಮಾತಾಡಿದ ದಿನ" ಎಂದು ಶುರು ಮಾಡಿದವನು ಎಲ್ಲೂ ನಿಲ್ಲಲಿಲ್ಲ. ಅಜ್ಜಾರು ಅಷ್ಟೂ ಹೊತ್ತು ಟ್ರೇ ಹಿಡಿದು, ಒಂದು ಹೆಜ್ಜೆ ಹಿಂದೆ ನಿಂತು, ನನ್ನನ್ನೇ ನೋಡುತ್ತ ಕೇಳಿದರು. ತೀರ್ಪು ಮುಗಿಯಿತು. ಅವರು "ಬಿಸಿಯಾಗಿದೆ" ಎಂದು ತಮ್ಮ ಮಾತಿನ ಉಳಿದರ್ಧ ಹೇಳಿ, ಲೋಟ ಕೊಟ್ಟು, ಹಿಂದಕ್ಕೆ ತಿರುಗಿದರು.

ನಾನು ಎದ್ದು ನಿಂತೆ.

ಈ ಸಲ ಮೊಣಕಾಲಿನ ತಪ್ಪಲ್ಲ, ಬೇಕೆಂದೇ ನಿಂತೆ. ಹಿಂದೆಯೇ ರಂಗದ ಮೇಲಿದ್ದವರೆಲ್ಲ ಎದ್ದರು. ಯಾರಿಗೂ ಏಳದ ಜಡ್ಜ್ ಆಳಿಗೆ ಎದ್ದು ನಿಂತದ್ದು ಕಂಡು ಹಾಲ್ ಒಂದು ಗಳಿಗೆ ತಬ್ಬಿಬ್ಬಾಯಿತು. ಆಮೇಲೆ ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂತು. ಪರದೆ ಬಿದ್ದ ಮೇಲೆ ಮೂರ್ತಿ ಕನ್ನಡಕ ಒರೆಸಿಕೊಳ್ಳುತ್ತ, "ಏಳ್ಬೇಡಿ ಅಂತ ಬಡ್ಕೊಂಡೆ ನಾನು! ಹೋಗ್ಲಿ ಬಿಡಿ, ನಾನು ಬರೆದಿದ್ದಕ್ಕಿಂತ ಇದೇ ಚೆನ್ನಾಗಿದೆ" ಎಂದರು.

ಅಜ್ಜಾರು ಒಂದು ಮೂಲೆಯಲ್ಲಿ ಕೂತು ಬಿಸಿಬೇಳೆಭಾತಿನ ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಖಾರಕ್ಕೇ ಎಂದು ಅವರು ಹೇಳಿದರು. "ನಲವತ್ತು ವರ್ಷದಲ್ಲಿ ಮೊದಲ ಸಲ, ಡಾಕ್ಟರ್. ಯಾರೂ ಐಸ್‌ಕ್ರೀಮಿಗೆ ಹೋಗಲಿಲ್ಲ."

ಕಾರ್ಡಿನ ಕಥೆ ಆಮೇಲೆ ತಿಳಿಯಿತು. ಟೆಲಿವಿಷನ್ ನಾಟಕಗಳನ್ನು ನೇರವಾಗಿ ಆಡುತ್ತಿದ್ದ ಕಾಲದಲ್ಲಿ, ಮರೆಗುಳಿ ನಾಯಕರ ಮಾತುಗಳನ್ನು ಬಟ್ಲರಿನ ಟ್ರೇಯ ಮೇಲೆ ಬರೆದಿಡುತ್ತಿದ್ದರಂತೆ. "ವಿಸ್ಕಿಗಿಂತ ಹೆಚ್ಚಾಗಿ ನಾನು ಹೊತ್ತದ್ದು ಬೇರೆಯವರ ಮಾತು" ಎಂದರು ಅಜ್ಜಾರು. ಸಂಜೆ ನಾನು ಉರು ಹೊಡೆಯುವಾಗ ವಿದ್ಯಾ ಅವರ ಮನೆಯಲ್ಲಿ ಸಿನಿಮಾ ನೋಡುತ್ತಿರಲಿಲ್ಲ. ಟಿವಿ ಆರಿಸಿ, ನನ್ನ ಮಾತಿನ ನಕಲು ಪ್ರತಿ ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ನಿಂತಲ್ಲಿ ಅಜ್ಜಾರು ಬೆರಳೆತ್ತುತ್ತಿದ್ದರು, ಅವಳು ಗೆರೆ ಎಳೆಯುತ್ತಿದ್ದಳು; ಹಾಗೆ ಗೆರೆ ಬಿದ್ದ ಸಾಲೇ ಕಾರ್ಡಿಗೆ ಬಂದದ್ದು. ನನ್ನ ದನಿಯಿಂದ ಓಡಿಹೋಗುತ್ತಾಳೆಂದು ನಾನು ಬೇಸರಪಟ್ಟ ಅಷ್ಟೂ ಸಂಜೆ ಅವಳು ಗೋಡೆಯ ಆ ಕಡೆ ಕೂತು ಅದನ್ನೇ ಕೇಳುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನಗೆ ಎದೆ ತುಂಬುತ್ತದೆ.

ಮರು ಬೇಸಿಗೆಯಲ್ಲಿ ಅಜ್ಜಾರು ಸಮುದ್ರದ ಕಡೆಯ ಊರಿಗೆ, ತಂಗಿಯ ಮಗಳ ಮನೆಗೆ ಹೋದರು. ಅದೇ ವರ್ಷ ನಾನು ಬೇರೆ ಆಸ್ಪತ್ರೆಗೆ ಅರ್ಜಿ ಹಾಕಿ ಕನ್ಸಲ್ಟಂಟ್ ಆದೆ. ಸಂದರ್ಶನದಲ್ಲಿ ನಿಮ್ಮ ಕೆಲಸವೇನೆಂದು ಕೇಳಿದ್ದಕ್ಕೆ, "ಬೇರೆಯವರು ಕೆಲಸ ಮಾಡುವಾಗ ರೋಗಿಯನ್ನು ನೋಡುತ್ತಿರುವುದು" ಎಂದೆ. ಹೇಳುವಾಗ ಮುಜುಗರವಾಗಲಿಲ್ಲ. ನಾಲ್ಕು ವರ್ಷದ ಮೇಲೆ ಅಂಚೆಯಲ್ಲಿ ತಗಡಿನ ಡಬ್ಬಿ ಬಂತು, ಜೊತೆಗೆ ಅಜ್ಜಾರು ತೀರಿಕೊಂಡರೆಂದು ತಂಗಿಯ ಮಗಳು ಬರೆದ ಪುಟ್ಟ ಪತ್ರ. ಡಬ್ಬಿಯ ತಳದಲ್ಲಿ ವಿದ್ಯಾ ಬರೆದ ಕಾರ್ಡೂ ಇತ್ತು.

ಇರಾಳ ಮೀಸೆ ಒಣಗುವವರೆಗೆ ಬೆರಳು ಒತ್ತಿ ಹಿಡಿದು ಇದನ್ನೆಲ್ಲ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಸೋ ಅಜ್ಜ, ಅವರಿಗೂ ಒಂದೇ ಲೈನಾ?" ಎಂದಳು. ಒಂದೇ, ಅದನ್ನೂ ಎರಡು ಭಾಗ ಮಾಡಿ ಹೇಳಿದರು ಎಂದೆ. ಅದು ಅವಳಿಗೆ ಬಹಳ ಹಿಡಿಸಿತು.

ಶಾಲೆಯಲ್ಲಿ ನಾನು, ಸುಮಂಗಲಾ, ವಿದ್ಯಾ ಪುಟಾಣಿ ಕುರ್ಚಿಗಳಲ್ಲಿ ಮುದುಡಿ ಕೂತಿದ್ದೆವು. ಮೇರಿ, ಜೋಸೆಫ್ ಬಂದು ರಟ್ಟಿನ ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು, ಮೀಸೆ ಹೊತ್ತ ಛತ್ರದವಳು ಹೊರಬಂದಳು. ಸಭೆಯ ಕಡೆ ಒಮ್ಮೆಯೂ ನೋಡದೆ ಮೇರಿಯನ್ನೇ ದಿಟ್ಟಿಸಿ, "ಇಲ್ಲಿ" ಎಂದಳು. ಸ್ವಲ್ಪ ತಡೆದು, ಮನಸ್ಸಿಲ್ಲದ ದನಿಯಲ್ಲಿ "ಜಾಗ ಇಲ್ಲ" ಎಂದಳು.

ನನಗೆ ಅರಿವಿಲ್ಲದೆಯೇ ನಾನು ಎದ್ದು ನಿಂತಿದ್ದೆ. ಹಿಂದಿನ ಸಾಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ ಯಾರೋ ತಂದೆ "ಎಕ್ಸ್‌ಕ್ಯೂಸ್ ಮಿ" ಎಂದು ಗೊಣಗಿದರು. ವಿದ್ಯಾ ನನ್ನ ಕೋಟಿನ ತುದಿ ಹಿಡಿದು ಜಗ್ಗುತ್ತ, "ಅಪ್ಪಾ, ಕೂಡ್ರು, ಎಲ್ಲಾರೂ ನೋಡ್ಲಿಕ್ಕತ್ತಾರ" ಎಂದಳು, ಥೇಟು ಅವಳಮ್ಮನ ಧಾಟಿಯಲ್ಲಿ. ಆಮೇಲೆ ಕೋಟು ಬಿಟ್ಟು ತಾನೂ ಎದ್ದು ನನ್ನ ಪಕ್ಕ ನಿಂತಳು.